ಪದದ ಬಾಲ

ಒಂದನೇ ತರಗತಿಯ ಬೆಂಚನ್ನು ಒಂದನೇ ತರಗತಿಯ ಮಕ್ಕಳಿಗೆಂದೇ ಮಾಡಿರುತ್ತಾರೆ. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತದೆ, ಸ್ಲೇಟು ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ. ಆ ಶಾಲೆಯಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ದೊಡ್ಡವರ ತರಗತಿಗೆ ಬಂದ ಮೊದಲ ದಿನವೇ ಗಾರೆ ಕೆಲಸದವನೊಬ್ಬ ಬೆಂಚಿನ ಕಾಲು ಮುರಿದು, ಮರುದಿನ ತಾನೇ ಮೊಳೆ ತಂದು ಹೊಡೆದು ನಿಲ್ಲಿಸಿದ್ದ. ಎಲ್ಲರ ಬಾಯಲ್ಲಿ ಗಾರೆಯಣ್ಣನಾದ ಅವನು ಅಂದಿನಿಂದ ಗೋಡೆಗೊರಗಿ ನೆಲದ ಮೇಲೆ ಕೂರುತ್ತಿದ್ದ.

ಗಾಡಿಯಕ್ಕ ಮಾತ್ರ ಹಟ ಹಿಡಿದು ಬೆಂಚಿನ ಮೇಲೆಯೇ ಕೂರುವಳು. ಚಿಕ್ಕವಳಿದ್ದಾಗ ಕೂರಬೇಕಾಗಿದ್ದ ಬೆಂಚು ಅದು. ಆಗ ತಮ್ಮ ತಂಗಿಯರನ್ನು ಎತ್ತಿ ಆಡಿಸುವ ಕೆಲಸ ಅವಳ ಪಾಲಿಗೆ ಬಂದಿತ್ತು. ಈಗ ಮೊಣಕಾಲು ನೋಯುವುದಾದರೆ ನೋಯಲಿ, ಸಿಕ್ಕಿದ ಜಾಗ ಬಿಟ್ಟುಕೊಡುವುದಿಲ್ಲ ಎಂಬಂತೆ ಕೂರುತ್ತಿದ್ದಳು. ಊರಿನ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡಿನಿಂದ ವಾರ್ಡಿಗೆ ಊಟ, ಹಾಲು, ನೀರಿನ ಗಾಡಿ ತಳ್ಳುವುದು ಅವಳ ಕೆಲಸ. ಹೆಸರು ಬಂದದ್ದೂ ಅಲ್ಲಿಂದಲೇ.

ಪಾಠ ಮಾಡುತ್ತಿದ್ದವರು ನಿವೃತ್ತ ಮೇಷ್ಟ್ರು. ನೌಕರಿಯ ಕಾಲವೆಲ್ಲ ಅದೇ ಕೋಣೆಯಲ್ಲಿ ಒಂದನೇ ತರಗತಿಗೆ ಕಲಿಸಿದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಯಾರೂ ಕರೆಯದಿದ್ದರೂ ಸಂಜೆಯ ತರಗತಿಗೆ ತಾವಾಗಿ ಬಂದು ನಿಂತವರು. ಸಂಬಳವಿಲ್ಲ, ಸೀಮೆಸುಣ್ಣವೂ ಕೈಯಿಂದಲೇ. ಇಂಥ ಮನುಷ್ಯನ ಮೇಲೆ ತಪ್ಪು ಹೊರಿಸಲು ಮನಸ್ಸು ಬರುವುದಿಲ್ಲ. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವರಿಗೆ ಗೊತ್ತಿದ್ದ ದಾರಿ ಒಂದೇ. ಮೊದಲ ದಿನ ಅ, ಮರುದಿನ ಆ. ನಡುವೆ ಯಾರಾದರೂ ಹೊಸಬರು ಬಂದರೆ ಅವರ ಸಲುವಾಗಿ ಎಲ್ಲರಿಗೂ ಮತ್ತೆ ಅ. ಹಳಬರು ಮುಖ ಮುಖ ನೋಡಿಕೊಂಡು ಮತ್ತೊಮ್ಮೆ ತಿದ್ದುತ್ತಿದ್ದರು.

"ತಳಪಾಯ ಗಟ್ಟಿಯಾಗ್ಬೇಕು" ಎನ್ನುವರು ಮೇಷ್ಟ್ರು.

"ತಳಪಾಯ ಹಾಕೋದೇ ನನ್ನ ಕೆಲಸ ಮೇಷ್ಟ್ರೇ" ಎಂದ ಗಾರೆಯಣ್ಣ ಒಂದು ಸಂಜೆ. "ಆದ್ರೆ ಒಂದು ಮನೆಗೆ ಒಂದೇ ಸಲ ಹಾಕ್ತೀನಿ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ನಕ್ಕು, ಹಲಗೆಯ ಮೇಲೆ ಮತ್ತೆ ಅ ಬರೆದರು. ಬರುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. "ಇವರಿಗೆ ಕಲಿಯೋ ಮನಸ್ಸೇ ಇಲ್ಲ" ಎಂದು ಮೇಷ್ಟ್ರು ನೊಂದುಕೊಳ್ಳುವರು. ಬಿಟ್ಟುಹೋದವರು "ನಮ್ಮ ತಲೆಗೆ ಹತ್ತಲ್ಲ ಬಿಡಿ" ಎಂದು ತಮ್ಮನ್ನೇ ಹಳಿದುಕೊಳ್ಳುವರು. ಎರಡು ಕಡೆಯವರೂ ಒಳ್ಳೆಯವರೇ, ಎರಡು ಕಡೆಯವರೂ ತಪ್ಪು ತಿಳಿದಿದ್ದರು.

ಅಂಥ ಹೊತ್ತಿಗೆ ಬಂದವಳು ಸಾಕ್ಷರತಾ ಕಚೇರಿಯ ಮೇಲ್ವಿಚಾರಕಿ. ಮೇಷ್ಟ್ರ ಮಗಳಿಗಿಂತ ಚಿಕ್ಕವಳು, ಹೆಗಲಿಗೊಂದು ದಪ್ಪ ಚೀಲ, ಮಾತಿಗೊಮ್ಮೆ "ಕಲಿಕೆಯ ಮಟ್ಟ" ಎನ್ನುವ ಅಭ್ಯಾಸ. ಅವಳು ಅತ್ತ ಹೋದ ಕೂಡಲೇ ಮೇಷ್ಟ್ರು ಅವಳಿಗೆ ಮಟ್ಟದ ಮೇಡಂ ಎಂದು ಹೆಸರಿಟ್ಟರು, ಅದು ನಿಂತುಬಿಟ್ಟಿತು. ಓದು ಕಲಿಯುವವರು ಯಾವ ಮಟ್ಟದಲ್ಲಿ ಏನು ಮಾಡಬಲ್ಲವರಾಗಿರಬೇಕು ಎಂದು ಅಚ್ಚು ಹಾಕಿಸಿದ ಹಾಳೆಯೊಂದನ್ನು ಬಂದ ದಿನವೇ ಅವಳು ಗೋಡೆಗೆ ಅಂಟಿಸಿದಳು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. ಯಾತಕ್ಕೆ ಓದುತ್ತಿದ್ದೇನೆಂದು ತಿಳಿದು ಓದುವುದು, ಆ ಕೆಲಸಕ್ಕೆ ತಕ್ಕ ಹಾಗೆ ಓದುವುದು, ಓದಿದ್ದು ಸರಿಯೇ ಎಂದು ತಾನೇ ನೋಡಿಕೊಳ್ಳುವುದು, ತಿಳಿಯದಿದ್ದರೆ ಕೇಳುವುದು ಎಂದೆಲ್ಲ ಅದರಲ್ಲಿತ್ತು. ಅ ಇರಲಿಲ್ಲ, ಆ ಇರಲಿಲ್ಲ.

"ಇದರಲ್ಲಿ ಅಕ್ಷರಾನೇ ಇಲ್ವಲ್ಲಮ್ಮ" ಎಂದರು.

"ಅಕ್ಷರ ಬೇಡ ಅಂತಲ್ಲ ಸರ್. ಯಾವ ಅಕ್ಷರ ಮೊದಲು ಅನ್ನೋದನ್ನ ಅವರವರ ಗುರಿ ಹೇಳ್ಲಿ ಅಂತ. ಇವರಿಗೆ ಓದು ಏನಕ್ಕೆ ಬೇಕು ಅಂತ ಯಾವತ್ತಾದ್ರೂ ಕೇಳಿದೀರಾ?"

"ಓದು ಯಾಕೆ ಬೇಕು ಅಂತ ಕೇಳೋದುಂಟೇನಮ್ಮ? ಹೊಟ್ಟೆಗೆ ಊಟ ಯಾಕೆ ಅಂತ ಯಾರಾದ್ರೂ ಕೇಳ್ತಾರಾ?"

"ಆಸ್ಪತ್ರೇಲಿ ಕೇಳ್ತಾರಲ್ಲ ಸರ್. ಯಾರಿಗೆ ಯಾವ ಊಟ ಅಂತ."

ಅವಳು ಬಾಯಿಗೆ ಬಂದದ್ದನ್ನು ಆಡಿದ್ದಷ್ಟೆ. ಬೆಂಚಿನ ಮೇಲಿದ್ದ ಗಾಡಿಯಕ್ಕ ಮಾತ್ರ ಬೆಚ್ಚಿ ಸ್ಲೇಟಿನ ಮೇಲೆ ಬಗ್ಗಿದಳು.

ಮಟ್ಟದ ಮೇಡಂ ಒಬ್ಬೊಬ್ಬರನ್ನೇ ಕೇಳುತ್ತ ಬಂದಳು. ಗಾರೆಯಣ್ಣ ಹಿಂದೆ ಮುಂದೆ ನೋಡದೆ ಹೇಳಿದ: "ಮನೆ ನಕ್ಷೇಲಿ ಬರೆದಿರ್ತಾರಲ್ಲ, ಅದನ್ನ ಓದ್ಬೇಕು ಮೇಡಂ. ಹೋದ ಸಲ ಬಚ್ಚಲುಮನೆ ಜಾಗದಲ್ಲಿ ಅಡುಗೆಮನೆ ಎಬ್ಬಿಸ್ಬಿಟ್ಟೆ. ಆ ಮನೆ ಯಜಮಾನ್ತಿ ಇವತ್ತಿಗೂ ನನ್ನ ಕಂಡ್ರೆ ಸೆರಗು ಕೊಡವಿ ಹೋಗ್ತಾರೆ."

ಗಾಡಿಯಕ್ಕನ ಸರದಿ ಬಂತು.

"ಸುಮ್ನೆ ಬಂದೆ ಮೇಡಂ. ಮನೇಲಿ ಹೊತ್ತು ಹೋಗಲ್ಲ."

ಹೊತ್ತು ಹೋಗುವುದಿಲ್ಲವಂತೆ! ಅವಳಿಗೆ ನೆಟ್ಟಗೆ ತಲೆ ಬಾಚಿಕೊಳ್ಳಲೂ ಹೊತ್ತು ಸಿಗುತ್ತಿರಲಿಲ್ಲ. ನಿಜ ಹೇಳಲು ಹೆದರಿ ಆಡಿದ ಮಾತು ಅದು.

ನಿಜ ಹೀಗಿತ್ತು. ಆಸ್ಪತ್ರೆಯಲ್ಲಿ ಪ್ರತಿ ಮಂಚದ ಕಾಲುದೆಸೆಯ ಕಂಬಿಗೆ ಒಂದು ಪುಟ್ಟ ಬಿಳಿ ಹಲಗೆ ತೂಗುಹಾಕಿರುತ್ತಾರೆ. ಆ ರೋಗಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ಸಿಸ್ಟರು ಅದರ ಮೇಲೆ ಪೆನ್ನಿನಲ್ಲಿ ಬರೆದಿರುತ್ತಾರೆ. ಉಪ್ಪು ಹಾಕಬಾರದು, ಹಾಲು ಕೊಡಬಹುದು, ನೀರು ಹೆಚ್ಚು ಕೊಡಬೇಕು, ನೀರು ಕೊಡಬೇಡಿ. ಗಾಡಿ ತಳ್ಳುವವಳು ಅದನ್ನು ಓದಿ ಬಡಿಸಬೇಕು. ಗಾಡಿಯಕ್ಕನಿಗೆ ಓದಲು ಬರುತ್ತಿರಲಿಲ್ಲ. ಜೊತೆಗೆ ಬರುತ್ತಿದ್ದ ಹಿರಿಯ ಕೆಲಸದಾಕೆ, ದಪ್ಪ ಗಾಜಿನ ಕನ್ನಡಕದವಳು, ಪಾತ್ರೆಯ ಮುಚ್ಚಳ ತೆಗೆಯುವ ನೆಪದಲ್ಲಿ ಬಗ್ಗಿ ಮೆಲ್ಲನೆ ಓದಿ ಹೇಳುವಳು, ಗಾಡಿಯಕ್ಕ ಬಡಿಸುವಳು. ಇಬ್ಬರೂ ಇದನ್ನು ಎಷ್ಟು ಚೆನ್ನಾಗಿ ನಡೆಸಿಕೊಂಡು ಬಂದಿದ್ದರೆಂದರೆ ಯಾರಿಗೂ ಸುಳಿವು ಹತ್ತಿರಲಿಲ್ಲ. "ನೀನು ನನ್ನ ಕನ್ನಡಕ ಕಣಕ್ಕ" ಎನ್ನುತ್ತಿದ್ದಳು ಗಾಡಿಯಕ್ಕ. ಆ ಕನ್ನಡಕದಕ್ಕನಿಗೆ ಈಗ ವಯಸ್ಸಾಗಿ ಕೆಲಸ ಮುಗಿಯುವುದರಲ್ಲಿತ್ತು. ಅವಳ ಜಾಗಕ್ಕೆ ಬೇರೆ ಯಾರನ್ನೂ ಹಾಕುವುದಿಲ್ಲ, ಗಾಡಿಗೆ ಇನ್ನು ಒಬ್ಬಳೇ ಸಾಕು ಎಂದು ಮೇಲಿನವರು ಹೇಳಿಯಾಗಿತ್ತು.

ಓದು ಬರದೆಂದು ಗೊತ್ತಾದರೆ ಮತ್ತೆ ಪಾತ್ರೆ ತೊಳೆಯುವ ಕೋಣೆಗೇ. ಆ ಕೆಲಸವೇನೂ ಅವಳಿಗೆ ಕೀಳಲ್ಲ, ಅಲ್ಲಿಂದಲೇ ಬಂದವಳು. ಆದರೆ ಗಾಡಿಯ ಚಕ್ರ ಕಿರ್ ಎಂದ ಕೂಡಲೇ ಮಲಗಿದವರೆಲ್ಲ ದಿಂಬಿನಿಂದ ತಲೆ ಎತ್ತುತ್ತಾರಲ್ಲ, "ಬಂದ್ಯೇನಮ್ಮ" ಎನ್ನುತ್ತಾರಲ್ಲ, ಅದನ್ನು ಬಿಟ್ಟುಹೋಗುವುದು ಅವಳಿಂದ ಆಗುವ ಹಾಗಿರಲಿಲ್ಲ. ಅದಕ್ಕೂ ಮಿಗಿಲಾಗಿ, ಗೊತ್ತಾಗದಂತೆ ಮುಚ್ಚಿಟ್ಟು ಒಬ್ಬಳೇ ಗಾಡಿ ತಳ್ಳಿ, ಯಾರ ಜೀವಕ್ಕೆ ಏನು ತಂದಿಡುವೆನೋ ಎಂಬ ಭಯ.

ತರಗತಿ ಮುಗಿದು ಸ್ಲೇಟು ತೊಳೆಯುವಾಗ ನಲ್ಲಿಯ ಹತ್ತಿರ ಮಟ್ಟದ ಮೇಡಂ ಒಬ್ಬಳೇ ಸಿಕ್ಕಳು. ಗಾಡಿಯಕ್ಕ ನಲ್ಲಿಯನ್ನು ಇನ್ನಷ್ಟು ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಂ ಅವಳ ಕೈಯಿಂದ ಸ್ಲೇಟು ತೆಗೆದುಕೊಂಡು ತಾನೇ ಒರೆಸಿದಳು.

"ಮೇಷ್ಟ್ರಿಗೆ ಹೇಳ್ಲಾ ಅಕ್ಕ?"

"ಅವರು ಬೈತಾರೆ."

"ಬೈದ್ರೆ ನನ್ನ ಬೈತಾರೆ, ನಿಮ್ಮನ್ನಲ್ಲ."

ಮೇಷ್ಟ್ರು ಬೈಯಲಿಲ್ಲ, ಮುನಿಸಿಕೊಂಡರು. ಇಷ್ಟು ದಿನ ಎದುರಿಗೆ ಕೂತವಳು ತಮಗೆ ಹೇಳದೆ ನಿನ್ನೆ ಮೊನ್ನೆ ಬಂದವಳಿಗೆ ಹೇಳಿದಳಲ್ಲ ಎಂಬ ಮುನಿಸು. "ಬೋರ್ಡು ತಾನೇ? ಸರಿ, ಬೋರ್ಡೇ ಕಲಿಸ್ತೀನಿ. ನಿಮ್ಮ ಗುರೀನೂ ಆಯ್ತು, ಮಟ್ಟಾನೂ ಆಯ್ತು" ಎಂದು ಗೊಣಗಿ, ಮಂಚದ ಹಲಗೆಯ ಮೇಲೆ ಬರೆಯುವ ಮಾತುಗಳನ್ನೆಲ್ಲ ರಟ್ಟಿನ ಮೇಲೆ ದಪ್ಪಗೆ ಬರೆದು ತಂದರು. ಅಕ್ಷರ ಬಿಡಿಸಿ ಹೇಳಲಿಲ್ಲ. ದಿನವೂ ಅದೇ ಕ್ರಮದಲ್ಲಿ ರಟ್ಟು ಎತ್ತಿ ಹಿಡಿಯುವುದು, ಓದಿ ಹೇಳುವುದು, ಅವಳಿಂದ ಹೇಳಿಸುವುದು, ಅಷ್ಟೆ.

ಗಾಡಿಯಕ್ಕ ಕಲಿತಳು. ಎಷ್ಟು ಬೇಗ ಕಲಿತಳೆಂದರೆ ಮೇಷ್ಟ್ರಿಗೇ ಆಶ್ಚರ್ಯ. ಎತ್ತಿ ಹಿಡಿದ ರಟ್ಟಿನ ಮೊದಲ ಎರಡಕ್ಷರ ಕಂಡರೆ ಸಾಕು, ಪಟಪಟನೆ ಹೇಳುವಳು. ಮನೆಗೆ ಹೋಗಿಯೂ ಅದೇ ಮಾತು. ಸೈಕಲ್ ರಿಪೇರಿ ಮಾಡುವ ಗಂಡ ಊಟದ ತಟ್ಟೆಯ ಮುಂದೆ ಕೂತು ರೇಗಿಸುವನು: "ನೀನು ಓದೋದು ಕಲಿತ್ರೆ ನನ್ನ ಗುಟ್ಟೆಲ್ಲ ಹೊರಗೆ ಬೀಳುತ್ತಲ್ಲೇ." ಅತ್ತೆ ಒಲೆಯ ಮುಂದಿನಿಂದ, "ಅವನದ್ಯಾವ ಗುಟ್ಟು, ನನಗೆ ಗೊತ್ತಿಲ್ದಿರೋದು" ಎನ್ನುವರು. ಸೊಸೆ ತರಗತಿಗೆ ಹೋಗಲು ಶುರುಮಾಡಿದಂದಿನಿಂದ ಸಂಜೆಯ ಅಡುಗೆ ಅತ್ತೆಯದೇ. ಯಾರೂ ಹೇಳಿರಲಿಲ್ಲ. "ಈ ವಯಸ್ಸಲ್ಲಿ ಇವಳಿಗೆ ಸ್ಕೂಲು, ನನಗೆ ಒಲೆ" ಎಂದು ಗೊಣಗುತ್ತಲೇ ಬಿಸಿಯಾಗಿ ತಟ್ಟೆಗೆ ಹಾಕುವರು. ಆ ಗೊಣಗಾಟ ಇಲ್ಲದಿದ್ದರೆ ತನಗೆ ಓದು ಎಲ್ಲಿತ್ತು ಎಂದು ಗಾಡಿಯಕ್ಕ ಮುಂದೆ ಎಷ್ಟೋ ಸಲ ನೆನೆದಿದ್ದಾಳೆ.

"ನಾಳೆಯಿಂದ ನೀನು ಬಾಯಿ ಬಿಡ್ಬೇಡ ಕಣಕ್ಕ, ನಾನೇ ಓದ್ತೀನಿ" ಎಂದು ಕನ್ನಡಕದಕ್ಕನಿಗೆ ಹೇಳಿದಳು.

ಮೊದಲ ವಾರ್ಡು ಸರಾಗವಾಗಿ ಮುಗಿಯಿತು. ಎರಡನೆಯ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕರು ಬಾಯಿ ಒಣಗಿಸಿಕೊಂಡು ಮಲಗಿದ್ದರು. ಗಾಡಿಯಕ್ಕ ಹಲಗೆ ನೋಡಿದಳು. ನೀರು, ಕೊಡ, ಬೇ... ಗೊತ್ತಾಯಿತು! ನೀರು ಕೊಡಬೇಕು. ಲೋಟ ತುಂಬಿ ಮುದುಕರ ಕೈಗೆ ಕೊಟ್ಟಳು. ಅವರು ಅದನ್ನು ತುಟಿಯ ಹತ್ತಿರಕ್ಕೆ ತರುತ್ತಿದ್ದಂತೆ ಕನ್ನಡಕದಕ್ಕ ಒಂದೇ ನೆಗೆತಕ್ಕೆ ಬಂದು ಲೋಟ ಕಸಿದಳು. ನೀರೆಲ್ಲ ಹೊದಿಕೆಯ ಮೇಲೆ ಚೆಲ್ಲಿತು.

"ಕೊಡಬೇಡಿ ಅಂತ ಬರೆದಿದಾರೆ ಕಣೇ" ಎಂದಳು ಕಿವಿಯಲ್ಲಿ. "ಇನ್ನೊಂದು ಗಳಿಗೆಗೆ ಅವರನ್ನ ಆಪರೇಷನ್‌ಗೆ ಕರ್ಕೊಂಡು ಹೋಗ್ತಾರೆ. ಹೊಟ್ಟೇಲಿ ನೀರಿದ್ರೆ, ಪ್ರಜ್ಞೆ ತಪ್ಪಿಸಿದಾಗ ಅದು ಉಸಿರಿಗೆ ಅಡ್ಡ ಬರುತ್ತಂತೆ. ಜೀವಕ್ಕೇ ಕುತ್ತು."

ಉಳಿದ ಮಂಚಗಳ ಹಲಗೆಗಳನ್ನು ಗಾಡಿಯಕ್ಕ ಮತ್ತೆ ಕನ್ನಡಕದಕ್ಕನಿಂದಲೇ ಓದಿಸಿಕೊಂಡಳು. ಸಂಜೆ ಅವಳು ತರಗತಿಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಅತ್ತೆ ಅಡುಗೆಗೆಂದು ಎದ್ದಾಗ, "ನಾನೇ ಮಾಡ್ತೀನಿ ಅತ್ತೆ" ಎಂದಳು. ಅತ್ತೆಗೆ ಅದು ಸಮಾಧಾನದ ಮಾತಾಗಿ ಕೇಳಲಿಲ್ಲ.

ಸುದ್ದಿ ಕನ್ನಡಕದಕ್ಕನಿಂದ ಮೇಷ್ಟ್ರಿಗೆ ಮುಟ್ಟಿತು. ಮಟ್ಟದ ಮೇಡಂ ಬರುವುದನ್ನೇ ಅವರು ಕಾದಿದ್ದರು.

"ನೋಡಿದ್ಯೇನಮ್ಮ? ಅಕ್ಷರ ಬಿಟ್ಟು ಗುರಿ ಹಿಡ್ಕೊಂಡು ಹೊರಟ್ರೆ ಹೀಗೇ ಆಗೋದು. ಮೊನ್ನೆ ಒಬ್ಬ ಮನುಷ್ಯ ಉಳಿದಿದ್ದು ಪುಣ್ಯ. ನಾನು ಅ ಆ ಇ ಈ ಅಂತ ಕಲಿಸ್ತಿದ್ದಾಗ ಯಾರ ಜೀವಕ್ಕೂ ಅಪಾಯ ಆಗಿರ್ಲಿಲ್ಲ."

"ಆಗ ಅವರು ಏನನ್ನೂ ಓದ್ತಾನೇ ಇರ್ಲಿಲ್ಲವಲ್ಲ ಸರ್" ಎಂದಳು ಮೇಡಂ. ಅವಳ ದನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ. "ಆದ್ರೆ ನೀವು ಹೇಳೋದು ಸುಳ್ಳಲ್ಲ. ನಾನೂ ಅವರ ಗುರಿ ನೋಡಿ ಹಿಗ್ಗಿಬಿಟ್ಟೆ. ಓದಿದ್ದು ಸರೀನಾ ಅಂತ ತಾನೇ ನೋಡ್ಕೊಳ್ಳೋದು ಅಂತ ಆ ಹಾಳೇಲೇ ಬರೆದಿದೆ. ಅದನ್ನ ನೀವೂ ಕಲಿಸಲಿಲ್ಲ, ನಾನೂ ಕೇಳ್ಲಿಲ್ಲ."

ಮೇಷ್ಟ್ರು ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಗಾರೆಯಣ್ಣ, "ಜಗಳ ಮುಗಿದ ಮೇಲೆ ಹೇಳಿ, ನನ್ನ ಮಟ್ಟ ಕೆಳಗಿಡ್ತೀನಿ" ಎಂದ. ನೋಡಿದರೆ ಅವನು ಚೀಲದಿಂದ ರಸಮಟ್ಟ ತೆಗೆದು, ಗೋಡೆಗೆ ಅಂಟಿಸಿದ್ದ ಹಾಳೆಯ ಮೇಲಂಚಿಗೆ ಹಿಡಿದು ನಿಂತಿದ್ದ. ಗೋಡೆ, ನೆಲ ಸಮವಾಗಿದೆಯೇ ಎಂದು ನೋಡಲು ಗಾರೆಯವರು ಹಿಡಿಯುವ, ನಡುವೆ ಗುಳ್ಳೆ ಆಡುವ ಪಟ್ಟಿ ಅದು. "ಆವಾಗಿನಿಂದ ಮಟ್ಟ ಮಟ್ಟ ಅಂತಿದೀರಾ. ಹಾಳೆ ಅಂಟಿಸಿರೋದೇ ಸೊಟ್ಟ."

ಮೇಡಂ ನಕ್ಕುಬಿಟ್ಟಳು. ಮೇಷ್ಟ್ರು ನಗಲಿಲ್ಲ. ಅವರು ಆ ಗುಳ್ಳೆಯನ್ನೇ ನೋಡುತ್ತಿದ್ದರು.

"ಗೋಡೆ ಎಲ್ಲಿ ಏಳ್ಬೇಕು ಅಂತ ಯಾರಯ್ಯ ಹೇಳೋದು?" ಎಂದು ಕೇಳಿದರು.

"ಮನೆಯವರು."

"ಮಟ್ಟ ಹೇಳಲ್ವಾ?"

"ಮಟ್ಟಕ್ಕೇನು ಗೊತ್ತು ಮೇಷ್ಟ್ರೇ? ಎದ್ದಿರೋ ಗೋಡೆ ಸರಿಯಿದ್ಯಾ ಅಂತ ಹೇಳುತ್ತೆ, ಅಷ್ಟೆ. ಪ್ರತಿ ಸಾಲು ಇಟ್ಟಾಗ್ಲೂ ಹಿಡೀಬೇಕು. ಮನೆಯೆಲ್ಲ ಕಟ್ಟಿ ಆಮೇಲೆ ಹಿಡಿದ್ರೆ ಅಳ್ಬೇಕಾಗುತ್ತೆ."

ಮೇಷ್ಟ್ರು ಅಂದು ಬೇಗ ಮನೆಗೆ ಹೋದರು. ದಾರಿಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ಓದುತ್ತ ಹೋದರು. ಇಲ್ಲಿ ಗಾಡಿ ನಿಲ್ಲಿಸಬಾರದು. ಒಳಗೆ ಬರಬಹುದು. ಕಸ ಹಾಕಬೇಡಿ. ಒಂದು ಬಾಗಿಲ ಮುಂದೆ ನಿಂತುಬಿಟ್ಟರು. ಈ ಭಾಷೆಯಲ್ಲಿ ಬೇಡ ಅನ್ನುವುದು ಪದದ ಕೊನೆಯಲ್ಲಿ ಬರುತ್ತದೆ! ಬೇಕು, ಬೇಡ, ಬಹುದು, ಬಾರದು, ಎಲ್ಲವೂ ಬಾಲದಲ್ಲಿಯೇ. ಓದು ಬಲ್ಲವರ ಕಣ್ಣು ತಾನಾಗಿ ಅಲ್ಲಿಯವರೆಗೂ ಹೋಗುತ್ತದೆ. ಮೊದಲೆರಡು ಅಕ್ಷರ ಹಿಡಿದು ಊಹಿಸುವವರು ಬಾಲಕ್ಕೆ ಮುಂಚೆಯೇ ನಿಂತುಬಿಡುತ್ತಾರೆ. ಇಷ್ಟು ವರ್ಷ ಈ ಭಾಷೆಯಲ್ಲಿಯೇ ಪಾಠ ಮಾಡಿದ ಅವರಿಗೆ ಇದು ಕಣ್ಣಿಗೆ ಬಿದ್ದಿದ್ದು ಆ ಬಾಗಿಲ ಮುಂದೆ. ಎಷ್ಟು ಖುಷಿಯಾಯಿತೆಂದರೆ ಆ ಮನೆಯವರು ಹೊರಗೆ ಬಂದು "ಯಾರು ಬೇಕಾಗಿತ್ತು?" ಎಂದು ಕೇಳುವವರೆಗೆ ಅಲ್ಲಿಯೇ ನಿಂತಿದ್ದರು.

ಮರುದಿನ ಕನ್ನಡಕದಕ್ಕ ಗಾಡಿಯಕ್ಕನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. "ನಾನು ಹೋಗೋಕೆ ಮುಂಚೆ ಇವಳು ಓದ್ಲಿಲ್ಲ ಅಂದ್ರೆ ನನಗೆ ಮನೇಲಿ ನಿದ್ದೆ ಬರಲ್ಲ ಮೇಷ್ಟ್ರೇ" ಎಂದಳು. ಗಾಡಿಯಕ್ಕ ತಲೆ ಎತ್ತಲಿಲ್ಲ.

"ತಪ್ಪು ನಿಂದಲ್ಲಮ್ಮ" ಎಂದರು ಮೇಷ್ಟ್ರು. "ನಿನಗೆ ಅರ್ಧ ಪದ ಕೊಟ್ಟು ಕಳಿಸಿದ್ದು ನಾನು. ಕೂತ್ಕೋ. ಅಲ್ಲಲ್ಲ, ಆ ಬೆಂಚಲ್ಲ. ಇವತ್ತಿಂದ ಎಲ್ರೂ ಪಕ್ಕದ ಕೋಣೆ, ದೊಡ್ಡ ಮಕ್ಕಳ ಬೆಂಚು. ಹೆಡ್‌ಮಾಸ್ಟ್ರನ್ನ ಕೇಳಿದೀನಿ."

ಪಕ್ಕದ ಕೋಣೆಯ ಹಲಗೆಯ ಮೇಲೆ ಅವರು ಕೊಡ ಎಂದು ಬರೆದು, ಅದರ ಮುಂದೆ ಸೀಮೆಸುಣ್ಣದಿಂದ ಬೇಕು, ಬೇಡಿ, ಬಹುದು, ಬಾರದು ಎಂದು ಒಂದರ ಕೆಳಗೊಂದು ಬರೆದರು.

"ಪ್ರಾಣಿ ಒಂದೇ, ಬಾಲ ಬೇರೆ. ತಲೆ ನೋಡಿ ಗುರುತು ಹಿಡೀಬೇಡ. ಬೆರಳಿಟ್ಟು ಬಾಲದವರೆಗೂ ಹೋಗು. ಕು ಅನ್ನೋದಕ್ಕೆ ಏನಿದೆ? ಡಿ ಅನ್ನೋದಕ್ಕೆ ಏನಿದೆ?"

"ಕು ಕೆಳಗೆ ಬಲಗಡೆ ಕೊಕ್ಕೆ ಇದೆ. ಡಿಗೆ ತಲೆ ಮೇಲೆ ಗುಂಡಗೆ ಇದೆ."

"ಹ್ಞಾಂ. ಈಗ ಹೇಳು, ಓದಿದ್ದು ಸರೀನಾ ಅಂತ ನಿನಗೆ ಹೆಂಗೆ ಗೊತ್ತಾಗುತ್ತೆ?"

ಗಾಡಿಯಕ್ಕ ಯೋಚಿಸಿದಳು. "ಬಾಲ ಮುಟ್ಟಿದ್ರೆ ಗೊತ್ತಾಗುತ್ತೆ."

"ಬಾಲ ಮುಟ್ಟಿದ ಮೇಲೂ ಅನುಮಾನ ಇದ್ರೆ?"

ಗೋಡೆಯ ಹಾಳೆಯನ್ನು ಈ ಕೋಣೆಗೂ ತಂದು, ಈ ಸಲ ಗಾರೆಯಣ್ಣನ ಕೈಯಿಂದ ನೆಟ್ಟಗೆ ಅಂಟಿಸಿದ್ದ ಮಟ್ಟದ ಮೇಡಂ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ಕೇಳೋದು ಅಕ್ಕ. ಓದಕ್ಕೆ ಬರೋರೂ ಕೇಳ್ತಾರೆ. ಅದೂ ಓದಿನದೇ ಭಾಗ."

ಗಾಡಿಯಕ್ಕನಿಗೆ ಈ ಮಾತಿನಲ್ಲಿ ಮಾತ್ರ ನಂಬಿಕೆ ಬರಲಿಲ್ಲ. ಕೇಳಿದರೆ ಸಿಕ್ಕಿಬೀಳುತ್ತೇವೆ ಎಂದಷ್ಟೇ ಅವಳು ಬದುಕಿನಲ್ಲಿ ಕಲಿತಿದ್ದಳು.

ಮುಂದಿನ ಸಂಜೆಗಳೆಲ್ಲ ಹಾಗೆಯೇ ನಡೆದವು. ಗಾಡಿಯಕ್ಕನಿಗೆ ಕ, ಡ, ಬ ಮೊದಲು. ಗಾರೆಯಣ್ಣನಿಗೆ ನಕ್ಷೆಯ ಅಡುಗೆ, ಬಚ್ಚಲು ಮೊದಲು. ಅಕ್ಷರಗಳು ಒಬ್ಬೊಬ್ಬರಿಗೆ ಒಂದೊಂದು ಬಾಗಿಲಿನಿಂದ ಬಂದರೂ ಒಳಗೆ ಬಂದು ಸೇರಿದ್ದು ಒಂದೇ ಮನೆಗೆ. ವಾರದ ಕೊನೆಗೆ ಮೇಷ್ಟ್ರು ಹಾಳೆಯ ಮುಂದೆ ನಿಂತು, ಯಾರು ಯಾವುದನ್ನು ತಾವಾಗಿ ಮಾಡುತ್ತಾರೆ, ಯಾರಿಗೆ ಇನ್ನೂ ಕೈ ಹಿಡಿಯಬೇಕು ಎಂದು ನೋಡುವರು. ಈಗೀಗ ಅವರೂ ಮಾತಿಗೊಮ್ಮೆ ಮಟ್ಟ ಎನ್ನುತ್ತಿದ್ದರು, ಎಂದ ಮೇಲೆ ಕೆಮ್ಮುತ್ತಿದ್ದರು. ಬಿಟ್ಟುಹೋದವರಲ್ಲಿ ಕೆಲವರು ಮತ್ತೆ ಬಂದರು. ಕನ್ನಡಕದಕ್ಕನ ಕೊನೆಯ ದಿನ ಗಾಡಿಯಕ್ಕ ಎಲ್ಲ ವಾರ್ಡುಗಳ ಹಲಗೆಗಳನ್ನು ಬೆರಳಿಟ್ಟು ಓದಿದಳು; ಕನ್ನಡಕದಕ್ಕ ಹಿಂದೆ ಹಿಂದೆ ಬಂದು, ಒಂದು ಕಡೆಯೂ ಬಾಯಿ ಬಿಡಲಿಲ್ಲ. ಕೊನೆಯ ಮಂಚ ಮುಗಿದಾಗ ಇಬ್ಬರೂ ಪಾತ್ರೆಗಳ ನಡುವೆ ನಿಂತು ಅತ್ತರು. "ನಿನ್ನ ಕಣ್ಣು ನಿನಗೇ ಬಂತು ಕಣೇ" ಎಂದಳು ಕನ್ನಡಕದಕ್ಕ, ಗಾಜು ಒರೆಸಿಕೊಳ್ಳುತ್ತ.

ಮೇಷ್ಟ್ರಿಗೆ ಹರ್ನಿಯಾ ಆದದ್ದು ಅದಾದ ಎಷ್ಟೋ ದಿನಗಳ ಮೇಲೆ. ಆಪರೇಷನ್ ಆಗಬೇಕೆಂದರು. ಗಾಡಿಯಕ್ಕನ ಆಸ್ಪತ್ರೆಯಲ್ಲೇ ಹಿಂದಿನ ದಿನ ಸೇರಿಸಿಕೊಂಡು ಕಿಟಕಿಯ ಪಕ್ಕದ ಮಂಚ ಕೊಟ್ಟರು. ಮಕ್ಕಳ ಮುಂದೆ ಎಂದೂ ಹೆದರದ ಮನುಷ್ಯ ಆಸ್ಪತ್ರೆಯ ಬಿಳಿ ಅಂಗಿ ತೊಟ್ಟ ಕೂಡಲೇ ಮೆತ್ತಗಾದರು. ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಗಾಡಿಯ ಚಕ್ರದ ಸದ್ದು ಕೇಳಿದಾಗ ಅವರಿಗೂ ಎಲ್ಲರಂತೆ ತಲೆ ಎತ್ತುವ ಹಾಗಾಯಿತು.

"ಬಂದ್ಯೇನಮ್ಮ" ಎಂದರು. "ಬಾಯಿ ಒಣಗಿ ಹೋಗ್ತಿದೆ. ಒಂದು ಲೋಟ ನೀರು ಕೊಡು."

"ಕೊಡ್ತೀನಿ ಮೇಷ್ಟ್ರೇ" ಎಂದು ಗಾಡಿಯಕ್ಕ ಅಭ್ಯಾಸದಂತೆ ಹಲಗೆಯತ್ತ ಬಗ್ಗಿದಳು. ಮಂಚದ ಕಂಬಿಗೆ ಮೇಷ್ಟ್ರ ಟವೆಲ್ಲು ನೇತಾಡುತ್ತಿತ್ತು. ಅದರ ತುದಿ ಹಲಗೆಯ ಮೇಲೆ ಉಜ್ಜಿ ಉಜ್ಜಿ ಒಂದು ಕಡೆ ಮಸಿಯಾಗಿ, ಬರಹವೂ ಅಲ್ಲಿ ಅಳಿಸಿಹೋಗಿತ್ತು. ಗಾಡಿಯಕ್ಕ ಬೆರಳಿಟ್ಟಳು. ನೀರು. ಕೊ, ಡ, ಬೇ. ಬೆರಳು ಅಲ್ಲಿಗೆ ನಿಂತಿತು. ಮುಂದೆ ಏನೂ ಇರಲಿಲ್ಲ.

"ಏನು ನೋಡ್ತಿದ್ಯಮ್ಮ?"

"ಬಾಲ ಇಲ್ಲ ಮೇಷ್ಟ್ರೇ."

"ನನಗಿದ್ಯಲ್ಲ ಬಾಯಿ, ನಾನು ಹೇಳ್ತಿದೀನಿ. ಡಾಕ್ಟ್ರು ನಿನ್ನೆ ನೀರು ಕುಡೀಬೇಕು ಅಂದ್ರು. ಕೊಡಬೇಕು ಅಂತಲೇ ಇರುತ್ತೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಡಾಕ್ಟರು ನಿನ್ನೆ ಆಪರೇಷನ್ ಆದ ಮೇಲಿನ ಮಾತನ್ನೂ, ಅದಕ್ಕೆ ಮೊದಲಿನ ಮಾತನ್ನೂ ಒಟ್ಟಿಗೆ ಹೇಳಿದ್ದರು. ಹೆದರಿದ ಕಿವಿ ತನಗೆ ಬೇಕಾದ್ದನ್ನು ಹಿಡಿದಿತ್ತು. ಗಾಡಿಯಕ್ಕ ಇಕ್ಕಟ್ಟಿಗೆ ಸಿಕ್ಕಳು. ಎದುರಿಗೆ ಇದ್ದವರು ತನಗೆ ಅಕ್ಷರ ಕೊಟ್ಟವರು. ಅವರ ತುಟಿ ಒಣಗಿತ್ತು. ಲೋಟ ಕೈಯಲ್ಲೇ ಇತ್ತು. ಇಲ್ಲ ಎನ್ನಲು ನಾಲಗೆ ಏಳುತ್ತಿರಲಿಲ್ಲ.

"ಮೇಷ್ಟ್ರೇ, ನೀವು ಹೇಳಿದ್ರೆ ನಾನು ಏನು ಬೇಕಾದ್ರೂ ಮಾಡ್ತೀನಿ" ಎಂದಳು ಕೊನೆಗೆ. "ಆದ್ರೆ ಬಾಲ ಇಲ್ದೆ ಓದ್ಬೇಡ ಅಂತ ಹೇಳಿದ್ದೂ ನೀವೇ."

ಲೋಟವನ್ನು ಗಾಡಿಯ ಮೇಲಿಟ್ಟು, ಅವರ ಕೈಗೆ ಎಟುಕದಂತೆ ಗಾಡಿಯನ್ನು ಪಕ್ಕಕ್ಕೆ ಸರಿಸಿ, ವಾರ್ಡಿನ ಆ ತುದಿಯಲ್ಲಿ ಕೂತಿದ್ದ ಸಿಸ್ಟರ್ ಹತ್ತಿರ ಹೋದಳು. ಇಡೀ ವಾರ್ಡು ನೋಡುತ್ತಿತ್ತು.

"ಸಿಸ್ಟರ್, ಕಿಟಕಿ ಪಕ್ಕದ ಬೋರ್ಡು ನನಗೆ ಓದಕ್ಕೆ ಆಗ್ತಿಲ್ಲ."

ಈ ಒಂದು ಮಾತು ಯಾರ ಕಿವಿಗೂ ಬೀಳದಿರಲೆಂದು ಅವಳು ಎಷ್ಟು ವರ್ಷ ಹೆದರಿ ಬದುಕಿದ್ದಳು! ಈಗ ಅದನ್ನು ಎಲ್ಲರೂ ಕೇಳುವ ಹಾಗೆ ತಾನೇ ಆಡಿದ್ದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಸಿಸ್ಟರ್ ತಲೆಯೆತ್ತಿ, "ಯಾಕೆ, ಏನಾಗಿದೆ?" ಎಂದರು.

"ಕೊಡಬೇ ಅಂತ ಇದೆ. ಮುಂದಿಂದು ಅಳಿಸಿ ಹೋಗಿದೆ. ಬೇಕೋ ಬೇಡವೋ ತಿಳೀತಿಲ್ಲ."

ಸಿಸ್ಟರ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇ ಬಂದರು. "ಅಯ್ಯೋ ದೇವರೇ, ಬೇಡ! ಈಗ ಮೊದಲನೇ ಆಪರೇಷನ್ನೇ ಇವರದು. ಕೊಟ್ಟಿಲ್ಲ ತಾನೇ?" ಎಂದು ಪೆನ್ನು ತೆಗೆದು ದಪ್ಪಗೆ ಬರೆದರು. ಡಿ. ಟವೆಲ್ಲನ್ನು ತೆಗೆದು ಮಡಿಸಿ ದಿಂಬಿನ ಪಕ್ಕದಲ್ಲಿಟ್ಟರು. ಹೋಗುವಾಗ ಗಾಡಿಯಕ್ಕನ ಭುಜ ಮುಟ್ಟಿ, "ಕೇಳಿದ್ದು ಒಳ್ಳೇದಾಯ್ತು ಅಕ್ಕ" ಎಂದರು.

ಸ್ಟ್ರೆಚರು ಬಂದಾಗ ಮೇಷ್ಟ್ರು ಗಾಡಿಯಕ್ಕನತ್ತ ಎರಡೂ ಕೈ ಜೋಡಿಸಿದರು. ಅವಳಿಗೆ ಏನು ಮಾಡಬೇಕೆಂದು ತೋಚದೆ, ಸೆರಗಿನಿಂದ ಹಲಗೆಯ ಅಂಚಿನ ಮಸಿ ಒರೆಸುತ್ತ ನಿಂತಳು.

ಸಂಜೆ ಅವಳ ಗಾಡಿ ಮತ್ತೆ ಆ ವಾರ್ಡಿಗೆ ಬಂದಾಗ ಮೇಷ್ಟ್ರಿಗೆ ಎಚ್ಚರವಾಗಿತ್ತು. ಆಪರೇಷನ್ ಚೆನ್ನಾಗಿ ಆಗಿತ್ತು. ಕಾಲುದೆಸೆಯ ಹಲಗೆಯ ಮೇಲೆ ಬರಹ ಬದಲಾಗಿತ್ತು. ಗಾಡಿಯಕ್ಕ ಲೋಟಕ್ಕೆ ನೀರು ತುಂಬಿಕೊಂಡು ಹತ್ತಿರ ಬಂದಳು. ಮೇಷ್ಟ್ರು ಕೈ ಚಾಚಲಿಲ್ಲ.

"ಮೊದಲು ಓದು" ಎಂದರು, ಕ್ಷೀಣವಾದ ದನಿಯಲ್ಲಿ.

ಅವಳು ಬಗ್ಗಿ ಬೆರಳಿಟ್ಟಳು. "ನೀರು... ಕೊ, ಡ, ಬ..." ಬೆರಳು ಅವಸರವಿಲ್ಲದೆ ಸಾಗಿತು. "...ಹು, ದು. ಕೊಡಬಹುದು."

"ಇನ್ನೊಂದ್ಸಲ."

"ನೀರು ಕೊಡಬಹುದು ಮೇಷ್ಟ್ರೇ."

ಅವಳು ಅವರ ತಲೆಯನ್ನು ತುಸುವೇ ಎತ್ತಿ ಹಿಡಿದು ಲೋಟವನ್ನು ತುಟಿಗಿಟ್ಟಳು. ಮೇಷ್ಟ್ರು ನಿಧಾನವಾಗಿ, ಗುಟುಕು ಗುಟುಕಾಗಿ ಕುಡಿದರು. ಪಕ್ಕದ ಮಂಚದವನು ಗಾಡಿಯತ್ತ ನೋಡುತ್ತ, "ನನ್ನ ಬೋರ್ಡಲ್ಲಿ ಏನಿದೆ, ಓದಿ ಹೇಳ್ತೀಯೇನಮ್ಮ?" ಎಂದು ಕೇಳಿದ. ಅವನಿಗೆ ಓದು ಬರುತ್ತಿರಲಿಲ್ಲ.

"ಓದಿ ಹೇಳೋದಲ್ಲ, ಓದೋದನ್ನೇ ಹೇಳ್ಕೊಡ್ತೀನಿ ಅಣ್ಣ" ಎಂದು ಗಾಡಿಯಕ್ಕ ಅವನ ಮಂಚದ ಕಡೆಗೆ ಗಾಡಿ ತಿರುಗಿಸಿದಳು. "ಮೊದಲು ಹೇಳು, ನಿನಗೆ ಓದು ಏನಕ್ಕೆ ಬೇಕಾಗಿದೆ?"